ಕುಂಬಾರಗುಂಡಿಯಿಂದ ಪುದುಪೇಟೆಗೆ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದವರೆಗೆ ಚಾಚಿಕೊಂಡಿರುವ ಜಯಚಾಮರಾಜೇಂದ್ರ ರಸ್ತೆಗೆ ಎರಡು ಮುಖಗಳಿವೆ. ಸಂಜೆಯ ಹೊತ್ತು ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಬರುವವರಿಗೆ ಅದು ಕಲೆಯ ಬೀದಿ. ಹಗಲು ಹೊತ್ತು ಎಣ್ಣೆ ಮೆತ್ತಿದ ಕಬ್ಬಿಣದ ತುಂಡೊಂದನ್ನು ಕೈಯಲ್ಲಿ ಹಿಡಿದು ಬರುವವರಿಗೆ ಅದು ಮೋಟಾರು ಬಿಡಿಭಾಗಗಳ ಸಂತೆ. ಕನ್ನಡ ಎಂ.ಎ. ಮಾಡಿ, ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿಕೊಂಡಿರುವ ನನಗೆ ಮೊದಲನೆಯ ಮುಖದ ಪರಿಚಯ ಮಾತ್ರ ಇತ್ತು. ಕಲಾಕ್ಷೇತ್ರದ ಮೆಟ್ಟಿಲುಗಳ ಮೇಲೆ ಕುಳಿತು ನಾಟಕ ವಿಮರ್ಶೆ ಮಾಡುತ್ತಿದ್ದಾಗ, ಅಲ್ಲಿಗೆ ಕೂಗಳತೆಯಲ್ಲಿರುವ ಅಂಗಡಿಗಳಲ್ಲಿ ಏನು ಮಾರುತ್ತಾರೆಂದು ನಾನು ಒಮ್ಮೆಯೂ ತಲೆಯೆತ್ತಿ ನೋಡಿದವನಲ್ಲ. ಆ ಬೀದಿಯ ಎರಡನೆಯ ಮುಖವನ್ನು ನನಗೆ ತೋರಿಸಿಕೊಟ್ಟದ್ದು ನಮ್ಮ ಮನೆಯ ಮುದಿ ಅಂಬಾಸಿಡರ್ ಕಾರು.

ಈ ಕಾರನ್ನು ಕೊಂಡವರು ನನ್ನ ಅಜ್ಜ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದ ಅವರು ಮುಂಗಡ ಕಟ್ಟಿ, ವರ್ಷಗಟ್ಟಲೆ ಕಾದು, 1971ರಲ್ಲಿ ಅದನ್ನು ಮನೆಗೆ ತಂದರಂತೆ. ಕಾರಿಗಾಗಿ ಕಾಯುವುದು ಆಗ ದೇಶದಲ್ಲೆಲ್ಲ ಸಾಮಾನ್ಯವಾಗಿತ್ತು. ಅಜ್ಜನ ಕಾಲದ ನಂತರ ಕಾರು ತಂದೆಯವರ ಜೊತೆ ಬೆಂಗಳೂರಿಗೆ ಬಂತು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ತಂದೆಯವರಿಗೆ ಅದೇ ಎರಡನೆಯ ಮಗ. ಮೊದಲನೆಯವನಿಗಿಂತ ಹೆಚ್ಚು ಹೇಳಿದ ಮಾತು ಕೇಳುವವನು ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಎರಡು ವರ್ಷದ ಹಿಂದೆ ಆ ಮಾತು ಕೇಳುವ ಮಗನಿಗೆ ಕಾಯಿಲೆ ಶುರುವಾಯಿತು. ಹೊಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡು ಬಿರುಕು ಬಿಟ್ಟಿತ್ತು. ಒಂದು ಗ್ಯಾರೇಜಿನವರು ಬೇರೊಂದು ಕಾರಿನಿಂದ ಬಿಚ್ಚಿದ್ದನ್ನು ತಂದು ಜೋಡಿಸಿಕೊಟ್ಟರು. ಅಂದಿನಿಂದ ಇಂಜಿನ್ನು ನಿಂತಲ್ಲಿ ನಿಲ್ಲದು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಒಮ್ಮೆ ಏದುಸಿರು ಬಿಡುವುದು, ಒಮ್ಮೆ ಉಸಿರೇ ನಿಂತಂತಾಗುವುದು, ಮಧ್ಯೆ ಸೈಲೆನ್ಸರಿನಿಂದ ಪಟಾಕಿಯ ಸದ್ದು. ಕಾರ್ಬ್ಯುರೇಟರನ್ನು ನಾಲ್ಕು ಸಲ ಬಿಚ್ಚಿ ತೊಳೆದದ್ದಾಯಿತು. ಕೊನೆಗೆ ಆ ಗ್ಯಾರೇಜಿನವರು, "ಇಂಜಿನ್ನೇ ಮುಗಿದುಹೋಗಿದೆ ಸಾರ್, ತೆಗೆದು ಬೇರೆ ಡೀಸೆಲ್ ಇಂಜಿನ್ ಕೂರಿಸಿಬಿಡೋಣ" ಎಂದು ತೀರ್ಪು ಕೊಟ್ಟರು.

ತಂದೆಯವರು ಒಪ್ಪಲಿಲ್ಲ. ಅದಕ್ಕೆ ಭಾವನೆ ಮಾತ್ರವಲ್ಲದೆ ಕಾನೂನಿನ ಕಾರಣವೂ ಇತ್ತು. 50 ವರ್ಷ ದಾಟಿದ ಕಾರುಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಅದರ ಷರತ್ತು ಏನೆಂದರೆ, ಚಾಸಿ, ಮೈಕಟ್ಟು, ಇಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಮುಂದೆ ಎಂದಾದರೂ ಆ ಗೌರವ ಸಿಗಬೇಕಾದರೆ ಹುಟ್ಟಿನೊಡನೆ ಬಂದ ಇಂಜಿನ್ನೇ ಇರಬೇಕು. "ಬೇರೆಯವರ ಗುಂಡಿಗೆ ಹಾಕಿ ಬದುಕಿಸೋದಕ್ಕಿಂತ ಕೊಟ್ಟುಬಿಡೋದೇ ಮೇಲು" ಎಂದ ತಂದೆಯವರು ಗುಜರಿಯವನೊಬ್ಬನಿಗೆ ಹೇಳಿಕಳುಹಿಸಿಯೂಬಿಟ್ಟರು. ಅವನು ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತೂಕದ ಲೆಕ್ಕದಲ್ಲಿ ಬೆಲೆ ಹೇಳಿ, ಮುಂದಿನ ತಿಂಗಳ ಮೊದಲ ಭಾನುವಾರ ಲಾರಿ ತರುವುದಾಗಿ ಹೇಳಿ ಹೋದ. ಆ ರಾತ್ರಿ ತಂದೆಯವರು ಊಟಕ್ಕೆ ಏಳಲಿಲ್ಲ. ನನ್ನ ಕೈಯಲ್ಲಿದ್ದದ್ದು ಮೂರು ವಾರ.

ನಾಲ್ವರು ಅಣ್ಣತಮ್ಮಂದಿರ ಮನೆ

ನಮ್ಮ ಬಡಾವಣೆಯ ಮೂಲೆಯಲ್ಲಿ ಸ್ಕೂಟರು ರಿಪೇರಿ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರನ್ನು ಕರೆತಂದೆ. ಅವರು ಇಂಜಿನ್ನು ಚಾಲೂ ಮಾಡಿಸಿ, ಎಣ್ಣೆಯ ಕ್ಯಾನಿನಿಂದ ಇಂಜಿನ್ನಿನ ಪಕ್ಕೆಯ ಒಂದು ಸಂದಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರು. ಏದುಸಿರು ಬಿಡುತ್ತಿದ್ದ ಇಂಜಿನ್ನು ಕ್ಷಣಕಾಲ ಸಮಾಧಾನವಾಗಿ ಉಸಿರಾಡಿತು. ಎಣ್ಣೆ ಒಳಕ್ಕೆ ಎಳೆದುಕೊಂಡು ಹೋದೊಡನೆ ಮತ್ತೆ ಹಳೆಯ ಪಾಡು. "ಇಂಜಿನ್ ಮುಗಿದಿಲ್ಲ ಮೇಷ್ಟ್ರೇ. ಗಾಳಿ ಕಳ್ಳದಾರೀಲಿ ಒಳಗೆ ಹೋಗ್ತಿದೆ, ಅಷ್ಟೇ" ಎಂದರು.

ಅವರು ವಿವರಿಸಿದ್ದನ್ನೂ ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುವುದಾದರೆ ವಿಷಯ ಇಷ್ಟು. ಪೆಟ್ರೋಲ್ ಇಂಜಿನ್ನು ಉಣ್ಣುವುದು ಬರಿಯ ಪೆಟ್ರೋಲನ್ನಲ್ಲ; ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೆರೆತ ಮಿಶ್ರಣವನ್ನು. ಆ ಹದವನ್ನು ಮಾಡುವುದು ಕಾರ್ಬ್ಯುರೇಟರು. ಹದವಾದ ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಕವಲುನಾಳವೇ ಇನ್‌ಲೆಟ್ ಮ್ಯಾನಿಫೋಲ್ಡು. ಇಂಜಿನ್ನು ತಾನಾಗಿ ಉಸಿರೆಳೆಯುವುದರಿಂದ ಈ ನಾಳದೊಳಗೆ ಸದಾ ಒಂದು ಸೆಳೆತವಿರುತ್ತದೆ. ನಾಳವು ಇಂಜಿನ್ನಿನ ತಲೆಗೆ ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಸಾಕು, ಹೊರಗಿನ ಗಾಳಿ ನುಗ್ಗಿ ಮಿಶ್ರಣ ನೀರಾದ ಮಜ್ಜಿಗೆಯಂತಾಗುತ್ತದೆ. ಹಾಗೆಯೇ ಬಹಳ ದಿನ ಓಡಿಸಿದರೆ ಬಿಸಿ ಏರಿ ವಾಲ್ವುಗಳು ಸುಟ್ಟುಹೋಗುವುದೂ ಉಂಟು. ಕಾರ್ಬ್ಯುರೇಟರನ್ನು ಎಷ್ಟು ತೊಳೆದರೂ ಈ ರೋಗ ಹೋಗದು. ಏಕೆಂದರೆ ರೋಗ ಇರುವುದು ಅಲ್ಲಿ ಅಲ್ಲ.

ನಮ್ಮ ಕಾರಿನ ಇಂಜಿನ್ನಿನ ಮನೆಕಟ್ಟಿನಲ್ಲಿ ಒಂದು ವಿಶೇಷವಿದೆ. ಸಿಲಿಂಡರುಗಳು ನಾಲ್ಕು, ಆದರೆ ಮಿಶ್ರಣ ಒಳಬರಲು ಬಾಗಿಲುಗಳು ಎರಡೇ. ಮೊದಲ ಇಬ್ಬರು ಅಣ್ಣತಮ್ಮಂದಿರಿಗೆ ಒಂದು, ಕೊನೆಯ ಇಬ್ಬರಿಗೆ ಒಂದು. ಹೊಗೆ ಹೊರಹೋಗಲು ಮೂರು ಬಾಗಿಲು. ನಡುವಿನ ಇಬ್ಬರಿಗೆ ಒಂದೇ. ಈ ಐದು ಬಾಗಿಲುಗಳೂ ಇಂಜಿನ್ನಿನ ಒಂದೇ ಪಕ್ಕೆಯಲ್ಲಿವೆ. ಆದ್ದರಿಂದ ಒಳಬರುವ ನಾಳವೂ ಹೊರಹೋಗುವ ನಾಳವೂ ಪಕ್ಕಪಕ್ಕದಲ್ಲಿ, ಒಂದೇ ಗ್ಯಾಸ್ಕೆಟ್ಟಿನ ಮೇಲೆ ಕುಳಿತಿರುತ್ತವೆ. ಎರಡು ನಾಳಗಳ ಅಂಚುಗಳು ಸಂಧಿಸುವಲ್ಲಿ ಒಂದು ದಪ್ಪನೆಯ ವಾಷರು ಅರ್ಧ ಇದರ ಮೇಲೆ, ಅರ್ಧ ಅದರ ಮೇಲೆ ಕುಳಿತು, ಒಂದೇ ನಟ್ಟಿನ ಬಿಗಿತದಿಂದ ಎರಡನ್ನೂ ಒತ್ತಿಹಿಡಿಯುತ್ತದೆ. ವ್ಯಾಕರಣದ ಮೇಷ್ಟ್ರಾದ ನನಗೆ ಇದು ಬಹಳ ಬೇಗ ಅರ್ಥವಾಯಿತು. ಎರಡು ಪದಗಳು ಕೂಡುವ ಜಾಗವೇ ಯಾವಾಗಲೂ ತೊಂದರೆಯ ಜಾಗ.

"ಗ್ಯಾಸ್ಕೆಟ್ಟು, ವಾಷರು, ಹಿತ್ತಾಳೆ ನಟ್ಟು, ಸ್ಟಡ್ಡು, ಇಷ್ಟನ್ನೂ ಸರಿಯಾದ್ದು ತನ್ನಿ, ನಾನು ಹಾಕಿಕೊಡ್ತೀನಿ" ಎಂದು ಮೆಕ್ಯಾನಿಕ್ ಚೀಟಿ ಬರೆದುಕೊಟ್ಟರು. 'ಸರಿಯಾದ್ದು' ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದರು.

ಯಾವ ಇಂಜಿನ್ನು?

ಒಂದು ಶನಿವಾರ ಬೆಳಗ್ಗೆ ಚೀಟಿ ಹಿಡಿದು ಜೆ.ಸಿ. ರಸ್ತೆಗೆ ಹೋದೆ. ಕಂಬಗಳಂತೆ ಪೇರಿಸಿಟ್ಟ ಟಯರುಗಳು, ಹಾರಗಳಂತೆ ತೂಗುಬಿದ್ದ ಫ್ಯಾನ್ ಬೆಲ್ಟುಗಳು, ಹಬ್ಬದ ಅಂಗಡಿಯಂತೆ ಮಿನುಗುವ ದೀಪಗಳು, ಸೀಟಿನ ಕವರುಗಳು. ಮೊದಲ ಅಂಗಡಿಯಲ್ಲಿ, "ಅಂಬಾಸಿಡರಿಗೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬೇಕಾಗಿತ್ತು" ಎಂದೆ.

"ಬಿ.ಎಂ.ಸಿ.ನಾ, ಇಸುಜುನಾ, ಡೀಸಲ್ಲಾ ಸಾರ್?"

"ಅಂಬಾಸಿಡರ್" ಎಂದೆ ಮತ್ತೆ.

"ಅದು ಕಾರಿನ ಹೆಸರು ಸಾರ್. ನಾನು ಕೇಳಿದ್ದು ಇಂಜಿನ್ನು" ಎಂದ ಅಂಗಡಿಯ ಹುಡುಗ. ನನ್ನ ವಿದ್ಯಾರ್ಥಿಗಳ ವಯಸ್ಸು. ಪರೀಕ್ಷೆಯಲ್ಲಿ ನಾನು ಅವರನ್ನು ನೋಡುವ ರೀತಿಯಲ್ಲೇ ಅವನು ನನ್ನನ್ನು ನೋಡಿದ.

ಹೊರಗಿನಿಂದ ನೋಡುವವರಿಗೆ ಅಂಬಾಸಿಡರ್ ಎಂದರೆ ಒಂದೇ ಕಾರು. ಮಂತ್ರಿಗಳಿಂದ ಹಿಡಿದು ಟ್ಯಾಕ್ಸಿಯವರವರೆಗೆ ಎಲ್ಲರನ್ನೂ ಹೊತ್ತ, ಗುಂಡುಮುಖದ ಕಾರು. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯ ಅವತಾರ. ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ಹಿಂದುಸ್ಥಾನ್ ಮೋಟರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಲ್ಲಿ ಹುಟ್ಟಿ, 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತಿತು. ಹೊರಗಿನ ಮುಖ ಹೆಚ್ಚು ಬದಲಾಗದಿದ್ದರೂ ಒಳಗಿನ ಗುಂಡಿಗೆ ಬದಲಾಗುತ್ತ ಬಂತು. ಆರಂಭದಲ್ಲಿ ಪಕ್ಕದಲ್ಲಿ ವಾಲ್ವುಗಳಿದ್ದ 1476 ಸಿ.ಸಿ. ಇಂಜಿನ್ನು. 1959ರಿಂದ ತಲೆಯ ಮೇಲೆ ವಾಲ್ವುಗಳಿರುವ 1489 ಸಿ.ಸಿ. ಇಂಜಿನ್ನು, ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ವಿನ್ಯಾಸವಾದ್ದರಿಂದ ಮಾರುಕಟ್ಟೆಯಲ್ಲಿ ಅದರ ಹೆಸರು ಬಿ.ಎಂ.ಸಿ. ಇಂಗ್ಲೆಂಡಿನ ಶೋಕಿಲಾಲರ ಎಂ.ಜಿ.ಎ. ಎಂಬ ಓಟದ ಕಾರಿನಲ್ಲಿ ಮೊದಲು ಇದ್ದದ್ದೂ ಇದೇ ವಂಶದ 1489 ಸಿ.ಸಿ. ಇಂಜಿನ್ನೇ ಎಂದು ತಿಳಿದಾಗ, ನಮ್ಮ ಮನೆಯ ಕಾರಿನ ಬಗ್ಗೆ ನನಗೆ ಹೊಸದೊಂದು ಗೌರವ ಹುಟ್ಟಿತು. ಆಮೇಲೆ ಡೀಸೆಲ್ ಇಂಜಿನ್ನು ಬಂತು. 1990ರ ದಶಕದಲ್ಲಿ ಜಪಾನಿನ ಇಸುಜು ಬಂತು. ಹೀಗೆ ಒಂದೇ ಹೆಸರಿನ ಕೆಳಗೆ ನಾಲ್ಕು ಕುಲ, ನಾಲ್ಕು ಗೋತ್ರ.

ಇದೊಂದೂ ತಿಳಿಯದ ನಾನು ಅಂದಾಜಿನ ಮೇಲೆ ಒಂದು ಗ್ಯಾಸ್ಕೆಟ್ಟನ್ನೂ ತೆಳ್ಳನೆಯ ಹತ್ತು ವಾಷರುಗಳನ್ನೂ ಕೊಂಡೆ. ಮನೆಗೆ ಬಂದರೆ ಗ್ಯಾಸ್ಕೆಟ್ಟು ಡೀಸೆಲ್ಲಿನದು. ವಾಷರುಗಳು ಮೆಕ್ಯಾನಿಕ್ಕಿನ ಅಂಗೈಯಲ್ಲಿ ಚಿಲ್ಲರೆ ಕಾಸಿನಂತೆ ಕುಳಿತು ಅವರ ನಗೆಯನ್ನು ಕೆರಳಿಸಿದವು. "ಮೇಷ್ಟ್ರೇ, ಚೀಟಿ ಹಿಡಿದು ಹೋಗೋದು ದಿನಸಿ ಅಂಗಡಿಗೆ. ಇಲ್ಲಿಗೆ ಸ್ಯಾಂಪಲ್ ಹಿಡಿದು ಹೋಗಬೇಕು" ಎಂದು ಹೇಳಿ, ಎರಡೂ ಮ್ಯಾನಿಫೋಲ್ಡುಗಳನ್ನು ಬಿಚ್ಚಿ, ಹಳೆಯ ಗ್ಯಾಸ್ಕೆಟ್ಟು, ವಾಷರು, ನಟ್ಟು, ಒಂದು ಸ್ಟಡ್ಡು ಸಮೇತ ಗೋಣಿಚೀಲಕ್ಕೆ ಹಾಕಿಕೊಟ್ಟರು. ಕುಂಬಾರಗುಂಡಿಗೆ ಹೋಗಿ ಎಂದರು.

ಜೆ.ಸಿ. ರಸ್ತೆಯ ಗದ್ದಲದಿಂದ ಕಲಾಸಿಪಾಳ್ಯದ ಕಡೆಗೆ ಒಳಹೊಕ್ಕರೆ ಕುಂಬಾರಗುಂಡಿ ಸಿಗುತ್ತದೆ. ಹೆಸರಿನಲ್ಲಿ ಕುಂಬಾರರಿದ್ದರೂ ಈಗ ಅಲ್ಲಿ ಮಣ್ಣಿನ ಮಡಕೆಗಳಿಲ್ಲ; ಬಿಚ್ಚಿದ ಗೇರ್‌ಬಾಕ್ಸುಗಳು, ಆಕ್ಸಲ್ಲುಗಳು, ಬಾಗಿಲುಗಳು. ದೊಡ್ಡ ರಸ್ತೆಯಲ್ಲಿ ಹೊಸದನ್ನು ಮಾರಿದರೆ ಇಲ್ಲಿ ಹಳೆಯದನ್ನು ಮಾರುತ್ತಾರೆ. ಅಲ್ಲಿ ರಸೀತಿ, ಇಲ್ಲಿ ನಂಬಿಕೆ. ಕಾರಿನಿಂದ ಕಿತ್ತ ಸೀಟನ್ನೇ ಗಾದಿ ಮಾಡಿಕೊಂಡು ಕುಳಿತಿದ್ದ ಒಬ್ಬ ವೃದ್ಧ ಸಾಹೇಬರ ಮುಂದೆ ನನ್ನ ಗೋಣಿಚೀಲವನ್ನು ಇಳಿಸಿದೆ.

ಅವರು ಏನನ್ನೂ ಕೇಳಲಿಲ್ಲ. ಎರಡು ಮ್ಯಾನಿಫೋಲ್ಡುಗಳನ್ನೂ ಅಂಗಡಿಯ ಮುಂದಿನ ಕಡಪ ಕಲ್ಲಿನ ಮೇಲೆ ಪಕ್ಕಪಕ್ಕ ಮುಖ ಕೆಳಗಾಗಿ ಇಟ್ಟು, ಅಂಚುಗಳ ಮೇಲೆ ಉಕ್ಕಿನ ಅಡಿಪಟ್ಟಿಯನ್ನು ಅಡ್ಡಲಾಗಿ ಇಟ್ಟರು. ಪಟ್ಟಿ ಒಂದು ಕಡೆಗೆ ವಾಲಿತು. "ನೋಡಿ ಮೇಷ್ಟ್ರೇ. ನೀವು ಹೊಸದಾಗಿ ಹಾಕಿಸಿದ ಎಕ್ಸಾಸ್ಟು ಬೇರೆ ಕಾರಿನದು. ಇದರ ಅಂಚು ದಪ್ಪ, ನಿಮ್ಮ ಇನ್‌ಲೆಟ್ಟಿನ ಅಂಚು ತೆಳ್ಳಗೆ. ಒಂದು ಮಿಲಿಮೀಟರ್ ಹೆಚ್ಚುಕಮ್ಮಿ. ವಾಷರು ದಪ್ಪದ ಮೇಲೆ ಕೂತು ಅದನ್ನ ಮಾತ್ರ ಒತ್ತುತ್ತೆ. ತೆಳ್ಳಗಿರೋದನ್ನ ಮುಟ್ಟೋದೇ ಇಲ್ಲ. ಅಲ್ಲಿಂದ ಗಾಳಿ" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂರೋದು ಬೇರೆ, ಹೊಂದೋದು ಬೇರೆ. ಇದು ಕೂತಿದೆ, ಹೊಂದಿಲ್ಲ" ಎಂದರು. ವರ್ಷಗಟ್ಟಲೆ ಪದಗಳ ನಡುವಿನ ಸೂಕ್ಷ್ಮ ವ್ಯತ್ಯಾಸಗಳನ್ನು ಪಾಠ ಹೇಳಿದ ನಾನು ಆ ಎರಡು ಪದಗಳ ವ್ಯತ್ಯಾಸವನ್ನು ಅಷ್ಟು ಸ್ಪಷ್ಟವಾಗಿ ಎಂದೂ ಹೇಳಿರಲಿಲ್ಲ.

ಹಳೆಯ ಗ್ಯಾಸ್ಕೆಟ್ಟಿನ ಮೇಲೆ ಹೊಸದನ್ನು ಇಟ್ಟು ಬೆಳಕಿಗೆ ಹಿಡಿದು ನೋಡಿ, ರಂಧ್ರಕ್ಕೆ ರಂಧ್ರ ಕೂಡಿದ ಒಂದನ್ನು ಅವರೇ ಪಕ್ಕದ ಅಂಗಡಿಯಿಂದ ತರಿಸಿಕೊಟ್ಟರು. ಆದರೆ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳುವಾಗಿ ಮೆಟ್ಟಿಲು ಕಡಿದ ವಾಷರುಗಳು ಅವರಲ್ಲಿರಲಿಲ್ಲ. "ಒಂದು ಡಬ್ಬಿ ದಪ್ಪ ವಾಷರು ಇತ್ತು. ಯಾರೂ ಕೇಳೋರಿಲ್ಲ ಅಂತ ಹೋದ ವರ್ಷ ತೂಕಕ್ಕೆ ಹಾಕಿಬಿಟ್ಟೆ" ಎಂದು ನಿಟ್ಟುಸಿರಿಟ್ಟರು. ಬಳಿಕ ಸಿಗರೇಟು ಪ್ಯಾಕಿನ ಹಿಂದೆ ಒಂದು ಗಲ್ಲಿಯ ಗುರುತು ಬರೆದುಕೊಟ್ಟು, "ಮದ್ರಾಸಿಗೆ ಹೋಗಿ. ಪುದುಪೇಟೆ. ಸ್ಯಾಂಪಲ್ ಬಿಟ್ಟು ಹೋಗಬೇಡಿ" ಎಂದರು. ಗ್ಯಾಸ್ಕೆಟ್ಟಿನ ದುಡ್ಡಿಗಿಂತ ಹೆಚ್ಚಾಗಿ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ.

ಕೂವಂ ದಡದ ಕಬ್ಬಿಣದ ಪೇಟೆ

ಗುಜರಿಯವನು ಬರಲು ಇನ್ನು ಎಂಟು ದಿನ. ಲಾಲ್‌ಬಾಗ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟೆ. ನಿಲ್ದಾಣದ ತಪಾಸಣಾ ಯಂತ್ರದೊಳಗೆ ನನ್ನ ಚೀಲ ಹೋದಾಗ ಪರದೆಯ ಮೇಲೆ ಮೂಡಿದ ಆಕಾರವನ್ನು ಕಂಡು ಪೊಲೀಸಿನವರ ಮುಖ ಬಿಗಿಯಾಯಿತು. ಚೀಲ ಬಿಚ್ಚಿಸಿದರು. "ಇದೇನ್ರೀ?" ಎಂದರು. "ಮ್ಯಾನಿಫೋಲ್ಡು" ಎಂದೆ. "ನೀವೇನು ಕೆಲಸ ಮಾಡ್ತೀರಿ?" ಎಂದರು. "ಕನ್ನಡ ಅಧ್ಯಾಪಕ" ಎಂದೆ. ಆ ಎರಡು ಉತ್ತರಗಳ ನಡುವೆ ಸಂಬಂಧ ಕಲ್ಪಿಸಲಾರದೆ, ಅವರು ಕೈ ಬೀಸಿ ಹೋಗಲು ಹೇಳಿದರು.

ಸೆಂಟ್ರಲ್ ನಿಲ್ದಾಣದಿಂದ ಆಟೋದಲ್ಲಿ ಎಳುಂಬೂರಿನ ದಿಕ್ಕಿಗೆ ಹೋದರೆ ಕೂವಂ ನದಿಯ ಬಳಿ ಪುದುಪೇಟೆ. 'ಹೊಸ ಪೇಟೆ' ಎಂದು ಅದರ ಅರ್ಥ. ಆದರೆ ಅಲ್ಲಿ ಹೊಸದೆನ್ನುವುದು ಏನೂ ಇಲ್ಲ. ನಮ್ಮ ಕುಂಬಾರಗುಂಡಿಯನ್ನು ಒಂದು ಕೆರೆ ಎನ್ನುವುದಾದರೆ ಇದು ಸಮುದ್ರ. ಗಲ್ಲಿಯ ಎರಡು ಪಕ್ಕದಲ್ಲೂ ಆಳೆತ್ತರಕ್ಕೆ ಕಬ್ಬಿಣ. ಒಂದು ಅಂಗಡಿಯಲ್ಲಿ ಬರಿಯ ಬಾಗಿಲುಗಳು, ಇನ್ನೊಂದರಲ್ಲಿ ಬರಿಯ ಬಾನೆಟ್ಟುಗಳು, ಮತ್ತೊಂದರಲ್ಲಿ ನೂರಾರು ಸ್ಟೀರಿಂಗ್ ಚಕ್ರಗಳು. ಇಡೀ ಕಾರೊಂದು ಗಲ್ಲಿಯ ಈ ತುದಿಯಲ್ಲಿ ಒಳಗೆ ಬಂದರೆ ಆ ತುದಿ ತಲುಪುವಷ್ಟರಲ್ಲಿ ಅಂಗಾಂಗವಾಗಿ ಹಂಚಿಹೋಗಿರುತ್ತದೇನೋ ಎನ್ನಿಸುತ್ತದೆ. ನನಗೆ ಎದೆ ಧಸಕ್ಕೆಂದಿತು. ಎಂಟು ದಿನಗಳ ಬಳಿಕ ನಮ್ಮ ಕಾರಿನ ಗತಿಯೂ ಇದೇ ಅಲ್ಲವೇ? ಯಾರದೋ ಬಾಗಿಲಿನ ಮೇಲೆ ಮಗುವೊಂದು ಅಂಟಿಸಿದ್ದ ಗಿಣಿಯ ಚಿತ್ರ ಇನ್ನೂ ಹಾಗೆಯೇ ಇತ್ತು. ಅದನ್ನು ನೋಡದಂತೆ ಮುಂದೆ ನಡೆದೆ.

"ಅಂಬಾಸಿಡರ್ ಬಿ.ಎಂ.ಸಿ., ವಾಷರ್ ಇರುಕ್ಕಾ?" ಎಂದು ನನ್ನ ಮುರುಕು ತಮಿಳಿನಲ್ಲಿ ಕೇಳುತ್ತ ಹೋದೆ. ಸಿಗರೇಟು ಪ್ಯಾಕಿನ ಗುರುತಿನ ಅಂಗಡಿ ಸಿಕ್ಕಿತು. ತಗಡಿನ ಚಪ್ಪರ, ಒಂದು ಮರದ ಬೆಂಚು, ಅದಕ್ಕೆ ಬಿಗಿದ ವೈಸು. ಬೆಳ್ಳಿಕೂದಲಿನ ಹಿರಿಯರೊಬ್ಬರು ನನ್ನ ತಮಿಳನ್ನು ಎರಡು ವಾಕ್ಯ ಸಹಿಸಿಕೊಂಡು, ಮೂರನೆಯದಕ್ಕೆ ಕನ್ನಡದಲ್ಲಿಯೇ, "ಬೆಂಗಳೂರಿಂದ ಬಂದ್ರಾ ಸಾರ್? ನಾನು ಚಾಂಪಿಯನ್ ರೀಫ್‌ನವನು" ಎಂದರು. ಕೋಲಾರದ ಚಿನ್ನದ ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರ್ ಆಗಿದ್ದವರು. 2001ರಲ್ಲಿ ಗಣಿ ಮುಚ್ಚಿದಾಗ ಬದುಕು ಹುಡುಕಿಕೊಂಡು ಮಗನ ಜೊತೆ ಇಲ್ಲಿಗೆ ಬಂದರಂತೆ. "ಅಲ್ಲಿ ಎಲ್ಲ ಇಂಚಿನ ಲೆಕ್ಕ ಸಾರ್, ಬಿಳೀ ದೊರೆಗಳ ಕಾಲದ ಮೆಷಿನ್ನು. ಆ ಕೈ ಇಲ್ಲಿ ಅನ್ನ ಹಾಕ್ತಿದೆ" ಎಂದರು.

ಅವರು ಮೊದಲು ಕೈಗೆತ್ತಿಕೊಂಡದ್ದು ವಾಷರನ್ನಲ್ಲ, ಸ್ಟಡ್ಡನ್ನು. ಗರಗಸದ ಹಲ್ಲಿನಂಥ ಅಳತೆಪಟ್ಟಿಯೊಂದನ್ನು ಅದರ ಥ್ರೆಡ್ಡಿನ ಮೇಲೆ ಇಟ್ಟು ಕಣ್ಣು ಕಿರಿದು ಮಾಡಿ ನೋಡಿದರು. "ಸಾರ್, ಇದರ ಅರ್ಧ ಥ್ರೆಡ್ಡು ಸವೆದುಹೋಗಿದೆ. ಇದಕ್ಕೆ ಯಾರೋ ಮಿಲಿಮೀಟರ್ ನಟ್ಟು ಹಾಕಿ ಬಲವಂತ ಮಾಡಿದ್ದಾರೆ, ತುಂಬ ವರ್ಷದ ಹಿಂದೆ. ನಟ್ಟು ನೋಡಿ, ಲಾರಿ ನಟ್ಟು. ಹೊಸ ವಾಷರು ಹಾಕಿದರೂ ಈ ಸ್ಟಡ್ಡು ಬಿಗಿ ತಡೆಯೋಲ್ಲ" ಎಂದರು.

ಇಲ್ಲಿ ಓದುಗರನ್ನು ಒಂದು ಸಣ್ಣ ಬಳಸುದಾರಿಗೆ ಕರೆದೊಯ್ಯಬೇಕಾಗಿದೆ. ನಮ್ಮ ಕಾರಿನ ಸ್ಟಡ್ಡಿನ ದಪ್ಪ ಇಂಚಿನ ಹದಿನಾರರಲ್ಲಿ ಐದು ಪಾಲು, ಎಂದರೆ 7.94 ಮಿಲಿಮೀಟರು. ಮೆಟ್ರಿಕ್ ಅಳತೆಯ ನಟ್ಟು 8 ಮಿಲಿಮೀಟರಿನದು. ಕಣ್ಣಿಗೆ ಎರಡೂ ಒಂದೇ. ಆದರೆ ಸ್ಟಡ್ಡಿನ ತಿರುಪಿನ ಗೆರೆಗಳು ಇಂಚಿಗೆ 24, ಎಂದರೆ ಗೆರೆಯಿಂದ ಗೆರೆಗೆ 1.06 ಮಿಲಿಮೀಟರು, ಸಾಮಾನ್ಯ 8 ಮಿಲಿಮೀಟರಿನ ನಟ್ಟಿನಲ್ಲಿ 1.25. ಆದ್ದರಿಂದ ನಟ್ಟು ಒಂದೆರಡು ಸುತ್ತು ಸ್ನೇಹದಿಂದ ಹೋಗಿ, ಆಮೇಲೆ ಕಚ್ಚಿಕೊಳ್ಳುತ್ತದೆ. ಸ್ಪ್ಯಾನರಿನಿಂದ ಬಲವಂತ ಮಾಡಿದರೆ ಬಿಗಿಯಾದಂತೆ ತೋರುತ್ತದೆ. ನಿಜವಾಗಿ ಒಂದು ಇನ್ನೊಂದನ್ನು ಕೆರೆದುಹಾಕಿರುತ್ತದೆ.

ಈ ಗೊಂದಲ ಬಹಳ ಹಳೆಯದು. ತಿರುಪುಗಳಿಗೆ ಒಂದೇ ಬಗೆಯ ಅಳತೆ ಇರಬೇಕೆಂದು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಸೂಚಿಸಿದ್ದು 1841ರಲ್ಲಿ. ಅವನ ತಿರುಪಿನ ಗೆರೆಯ ಕೋನ 55 ಡಿಗ್ರಿ. ಅಮೆರಿಕೆಯವರು 60 ಎಂದರು. ಎರಡನೆಯ ಮಹಾಯುದ್ಧದಲ್ಲಿ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಹೊಂದದೆ ಪಟ್ಟ ಪಾಡಿನ ಬಳಿಕ, 1948ರ ನವೆಂಬರಿನಲ್ಲಿ ಬ್ರಿಟನ್, ಅಮೆರಿಕ, ಕೆನಡಾಗಳು ಕೂಡಿ ಏಕೀಕೃತ ಅಳತೆಯನ್ನು ಒಪ್ಪಿಕೊಂಡವು. ನಮ್ಮ ಕಾರಿನದು ಆ ಅಳತೆ. ಇದಕ್ಕಿಂತ ತಮಾಷೆಯ ಕಥೆ ಮಾರಿಸ್ ಕಂಪನಿಯದೇ. 1923ರಲ್ಲಿ ಅವರು ಕವೆಂಟ್ರಿಯಲ್ಲಿದ್ದ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಕಾರ್ಖಾನೆಯನ್ನು ಕೊಂಡರು. ಯಂತ್ರಗಳೆಲ್ಲ ಫ್ರಾನ್ಸಿನ ಮೆಟ್ರಿಕ್ ಅಳತೆಯವು. ಇಂಗ್ಲೆಂಡಿನ ಗ್ಯಾರೇಜುಗಳಲ್ಲಿದ್ದ ಸ್ಪ್ಯಾನರುಗಳೋ ವಿಟ್‌ವರ್ತನವು. ಆದ್ದರಿಂದ ಅಲ್ಲಿ ತಯಾರಾದ ಬೋಲ್ಟುಗಳಿಗೆ ಮೈಯೆಲ್ಲ ಮೆಟ್ರಿಕ್, ತಲೆ ಮಾತ್ರ ವಿಟ್‌ವರ್ತ್! ಎಂ.ಜಿ. ಕಾರುಗಳ ಹಳೆಯ ಇಂಜಿನ್ನುಗಳಲ್ಲಿ ಅವು ಇಂದಿಗೂ ಉಳಿದಿದ್ದು, ದುರಸ್ತಿ ಮಾಡುವವರ ತಾಳ್ಮೆಯನ್ನು ಪರೀಕ್ಷಿಸುತ್ತಿವೆ.

ನಮ್ಮ ದೇಶದಲ್ಲಿ ನಯಾಪೈಸೆ ಬಂದದ್ದು 1957ರಲ್ಲಿ. ಮೆಟ್ರಿಕ್ ತೂಕ ಅಳತೆಗಳು ಹಂತಹಂತವಾಗಿ ಜಾರಿಗೆ ಬಂದದ್ದು 1958ರಿಂದ. ಸೇರು ಹೋಗಿ ಕಿಲೋ ಬರುತ್ತಿದ್ದ ಆ ವರ್ಷಗಳಲ್ಲಿಯೇ ಇಂಚಿನ ಲೆಕ್ಕದ ಅಂಬಾಸಿಡರ್ ರಸ್ತೆಗಿಳಿಯಿತು. ಅದರ ಪಕ್ಕದಲ್ಲಿ ಓಡುತ್ತಿದ್ದ ಟಾಟಾ ಲಾರಿಯೋ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಸಹಯೋಗದಿಂದ ಹುಟ್ಟಿದ್ದು, ಮಿಲಿಮೀಟರಿನ ಕೂಸು. ಒಂದೇ ಹೆದ್ದಾರಿಯಲ್ಲಿ ಎರಡು ಭಾಷೆಯ ನಟ್ಟುಗಳು. ರಸ್ತೆ ಬದಿಯ ಮೆಕ್ಯಾನಿಕ್ಕಿನ ಡಬ್ಬಿಯಲ್ಲಿ ಎರಡೂ ಬೆರೆತುಹೋಗಿದ್ದರೆ ಆಶ್ಚರ್ಯವೇನು?

ಚಾಂಪಿಯನ್ ರೀಫಿನ ಹಿರಿಯರು ಎಣ್ಣೆಕಾಗದದಲ್ಲಿ ಸುತ್ತಿಟ್ಟಿದ್ದ ಸ್ಟಡ್ಡುಗಳನ್ನೂ ಹಿತ್ತಾಳೆಯ ನಟ್ಟುಗಳನ್ನೂ ತೆಗೆದರು. ಹಿತ್ತಾಳೆಯೇ ಏಕೆಂದರೆ, ಬಿಸಿಯಲ್ಲಿ ಬೆಂದ ಮೇಲೂ ಅದು ಉಕ್ಕಿನ ಸ್ಟಡ್ಡಿಗೆ ತುಕ್ಕು ಹಿಡಿದು ಅಂಟಿಕೊಳ್ಳುವುದಿಲ್ಲ; ಮುಂದೆ ಬಿಚ್ಚುವವನಿಗೆ ಕಷ್ಟವಾಗುವುದಿಲ್ಲ. ಪ್ರತಿಯೊಂದು ನಟ್ಟನ್ನೂ ಬೆರಳಿನಿಂದಲೇ ಕೊನೆಯವರೆಗೂ ತಿರುಗಿಸಿ ನೋಡಿ, "ಬೆರಳಲ್ಲಿ ಹೋಗದ ನಟ್ಟಿಗೆ ಸ್ಪ್ಯಾನರ್ ಹಾಕಬಾರದು ಸಾರ್" ಎಂದರು. ದಪ್ಪ ವಾಷರುಗಳು ಅವರಲ್ಲಿದ್ದವು. ಮೆಟ್ಟಿಲು ಕಡಿದವು ಇರಲಿಲ್ಲ. ಒಂದೊಂದನ್ನೇ ವೈಸಿನಲ್ಲಿ ಬಿಗಿದು, ಅರ ಹಾಕಿ, ಅರ್ಧಚಂದ್ರದಷ್ಟು ಭಾಗವನ್ನು ತೇಯತೊಡಗಿದರು. ಎಕ್ಸಾಸ್ಟಿನ ದಪ್ಪ ಅಂಚಿನ ಮೇಲೆ ಬರಬೇಕಾದ ಅರ್ಧವನ್ನು ತೆಳುವಾಗಿಸಬೇಕು. ಆಗ ಎರಡು ಅಂಚುಗಳ ಮೇಲೂ ಒತ್ತಡ ಸಮನಾಗುತ್ತದೆ. ನಾಲ್ಕೈದು ಸಲ ತೇಯುವುದು, ಮ್ಯಾನಿಫೋಲ್ಡಿನ ಮೇಲಿಟ್ಟು ನೋಡುವುದು, ಮತ್ತೆ ತೇಯುವುದು. ಎರಡು ಗಂಟೆ ಹಿಡಿಯಿತು. ಕೊನೆಗೆ ಪ್ರತಿಯೊಂದರ ತೆಳುಭಾಗದ ಬೆನ್ನಿಗೆ ಪಂಚಿನಿಂದ ಒಂದು ಚುಕ್ಕೆ ಹೊಡೆದರು. "ಚುಕ್ಕೆ ಎಕ್ಸಾಸ್ಟಿನ ಕಡೆಗೆ ಬರಬೇಕು. ತಿರುವುಮುರುವು ಹಾಕಿದರೆ ಮೊದಲಿಗಿಂತ ಕೆಟ್ಟದಾಗುತ್ತೆ" ಎಂದು ಎರಡು ಸಲ ಹೇಳಿ, ನನ್ನಿಂದ ಒಂದು ಸಲ ಹೇಳಿಸಿದರು. ಎಲ್ಲಕ್ಕೂ ಸೇರಿ ಎಂಟು ನೂರು ರೂಪಾಯಿ ತೆಗೆದುಕೊಂಡರು. ನಾನು ಹೊರಡುವಾಗ, "ಕೋಲಾರದ ಕಡೆ ಈಗ ಮಳೆ ಹೇಗಿದೆ ಸಾರ್?" ಎಂದು ಕೇಳಿದರು.

ಲಾರಿಯ ನಟ್ಟು

ಗುಜರಿಯವನು ಬರಬೇಕಾದ ಭಾನುವಾರದ ಹಿಂದಿನ ದಿನ ನಮ್ಮ ಮೆಕ್ಯಾನಿಕ್ಕು ಕೆಲಸಕ್ಕೆ ಇಳಿದರು. ತಂದೆಯವರು ಜಗುಲಿಯ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದರು. ಪುಟ ತಿರುವಿದ್ದನ್ನು ನಾನು ಕಾಣಲಿಲ್ಲ. ಹೊಸ ಸ್ಟಡ್ಡು, ಹೊಸ ಗ್ಯಾಸ್ಕೆಟ್ಟು, ಚುಕ್ಕೆಯ ದಿಕ್ಕು ನೋಡಿ ವಾಷರುಗಳು. ನಟ್ಟುಗಳನ್ನು ನಡುವಿನಿಂದ ಆರಂಭಿಸಿ ಎರಡು ಕಡೆಗೂ ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡುತ್ತ ಹೋದರು. ಇಂಜಿನ್ನು ಚಾಲೂ ಆಯಿತು. ಮೊದಲು ಎರಡು ಕೆಮ್ಮು. ಆಮೇಲೆ ತಾಳಕ್ಕೆ ತಾಳ ಕೂಡಿದಂಥ ಒಂದೇ ಸಮನಾದ ಸದ್ದು. ಮೆಕ್ಯಾನಿಕ್ಕು ಎಣ್ಣೆಯ ಕ್ಯಾನು ತೆಗೆದು ಸಂದಿಗೆ ಹನಿ ಬಿಟ್ಟರು. ಸದ್ದು ಬದಲಾಗಲಿಲ್ಲ. ಎಣ್ಣೆ ಒಳಕ್ಕೆ ಹೋಗದೆ ಅಲ್ಲೇ ನಿಂತಿತು.

ತಂದೆಯವರು ಪತ್ರಿಕೆ ಮಡಿಸಿಟ್ಟು ಎದ್ದು ಬಂದರು. ಗೋಣಿಚೀಲದ ಮೇಲೆ ಬಿದ್ದಿದ್ದ ಹಳೆಯ ನಟ್ಟುಗಳನ್ನು ನೋಡಿದರು. ಪುದುಪೇಟೆಯಲ್ಲಿ ಕಂಡುಹಿಡಿದದ್ದನ್ನು ನಾನು ಉತ್ಸಾಹದಿಂದ ವಿವರಿಸತೊಡಗಿದೆ. "ನೋಡಿ ಅಪ್ಪಾ, ಯಾವನೋ ಅವಿವೇಕಿ ಲಾರಿಯ ನಟ್ಟನ್ನು ಬಲವಂತವಾಗಿ ತುರುಕಿ ಸ್ಟಡ್ಡನ್ನೇ ಹಾಳುಮಾಡಿದ್ದಾನೆ."

"ತುರುಕಿದ್ದು ನಾನೇ" ಎಂದರು ತಂದೆಯವರು.

1998ರ ಮಳೆಗಾಲ. ಅಜ್ಜನಿಗೆ ಎದೆನೋವು ಬಂದು ತಿಪಟೂರಿನಿಂದ ಬೆಂಗಳೂರಿನ ಆಸ್ಪತ್ರೆಗೆ ರಾತ್ರಿ ಹೊರಟಿದ್ದರು. ನಾನಾಗ ಚಿಕ್ಕವನು, ನನ್ನನ್ನು ಅತ್ತೆಯ ಮನೆಯಲ್ಲಿ ಮಲಗಿಸಿ ಹೋಗಿದ್ದರು. ಗುಬ್ಬಿ ದಾಟಿದ ಮೇಲೆ ಮ್ಯಾನಿಫೋಲ್ಡಿನ ನಟ್ಟು ಎಲ್ಲೋ ಕಳಚಿಬಿದ್ದು ಇಂಜಿನ್ನು ಎಳೆಯಲೊಲ್ಲದೆ ನಿಂತಿತು. ಸುರಿವ ಮಳೆ, ಹಿಂದಿನ ಸೀಟಿನಲ್ಲಿ ನರಳುವ ಅಜ್ಜ. ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ ಡ್ರೈವರೊಬ್ಬ ತನ್ನ ಡಬ್ಬಿಯನ್ನು ನೆಲಕ್ಕೆ ಸುರಿದು, ಟಾರ್ಚು ಹಿಡಿದು, ಒಂದು ನಟ್ಟು ಹುಡುಕಿಕೊಟ್ಟ. ಅದು ಎರಡು ಸುತ್ತಿಗೆ ಕಚ್ಚಿಕೊಂಡಿತು. "ಇದು ಇದರದ್ದಲ್ಲ ಸ್ವಾಮಿ, ಆದರೆ ಬೆಂಗಳೂರಿನವರೆಗೆ ಹಿಡಿಯುತ್ತೆ, ಎಳೀರಿ" ಎಂದನಂತೆ ಅವನು. ತಂದೆಯವರು ತಮ್ಮ ಎರಡೂ ಕೈಯಿಂದ ಸ್ಪ್ಯಾನರನ್ನು ಎಳೆದರು. ಬೆಳಗಿನ ಜಾವ ಆಸ್ಪತ್ರೆ ತಲುಪಿದರು. ಅಜ್ಜ ಆಮೇಲೆ ಎಂಟು ವರ್ಷ ಬದುಕಿದ್ದರು. ನನಗೆ ಅಮರಕೋಶ ಬಾಯಿಪಾಠ ಮಾಡಿಸಿದ್ದು ಆ ಎಂಟು ವರ್ಷಗಳಲ್ಲಿಯೇ.

"ಆಮೇಲೆ ಬದಲಾಯಿಸಬೇಕಾಗಿತ್ತು" ಎಂದರು ತಂದೆಯವರು. "ನಾಳೆ ನಾಳೆ ಅಂತ ಬಿಟ್ಟೆ. ನಡೀತಾ ಇತ್ತಲ್ಲ."

ನಾನು ಏನೂ ಹೇಳಲಿಲ್ಲ. ಕೂರುವುದು ಬೇರೆ, ಹೊಂದುವುದು ಬೇರೆ ಎಂದು ಕುಂಬಾರಗುಂಡಿಯ ಸಾಹೇಬರು ಹೇಳಿದ್ದು ಸತ್ಯ. ಆದರೆ ಮಳೆಯ ರಾತ್ರಿಯಲ್ಲಿ ಹೊಂದದ ನಟ್ಟೂ ಒಂದು ಜೀವವನ್ನು ಹಿಡಿದಿಟ್ಟುಕೊಂಡದ್ದೂ ಸತ್ಯ. ತಪ್ಪು ಆದದ್ದು ಆ ರಾತ್ರಿಯಲ್ಲ. ಬೆಳಗಾದ ಮೇಲೆ ಅದನ್ನು ಹಾಗೆಯೇ ಬಿಟ್ಟದ್ದರಲ್ಲಿ. ಮನೆಗಳಲ್ಲಿ, ಮನುಷ್ಯರ ನಡುವೆ ಕೂಡ ಆಪತ್ತಿಗೆಂದು ಹಾಕಿದ ಇಂಥ ನಟ್ಟುಗಳು ಎಷ್ಟು ಉಳಿದಿರುತ್ತವೋ!

ಭಾನುವಾರ ಗುಜರಿಯವನು ಲಾರಿಯೊಡನೆ ಬಂದ. ತಂದೆಯವರು ಅವನಿಗೆ ಕಾಫಿ ಕೊಡಿಸಿ, ಬಂದು ಹೋಗುವ ಡೀಸೆಲ್ಲಿನ ದುಡ್ಡು ಕೊಟ್ಟು ಕಳುಹಿಸಿದರು. ಮರುವಾರ ನಾವಿಬ್ಬರೂ ತಿಪಟೂರಿಗೆ ಹೊರಟೆವು. ಮಾವಳ್ಳಿಯಲ್ಲಿ ತಿಂಡಿ ತಿಂದು, ತುಮಕೂರು ದಾಟಿ, ಗುಬ್ಬಿ ಸಮೀಪಿಸುವಾಗ ತಂದೆಯವರು ಗಾಡಿ ನಿಲ್ಲಿಸಲು ಹೇಳಿದರು. ರಸ್ತೆ ಅಗಲವಾಗಿದೆ, ಗುರುತು ಸಿಗುವಂತಿಲ್ಲ. ಆದರೂ ಅವರು ಇಳಿದು, ಒಂದು ನಿಮಿಷ ರಸ್ತೆಯ ಅಂಚಿನಲ್ಲಿ ನಿಂತರು. ಇಂಜಿನ್ನು ತನ್ನ ಪಾಡಿಗೆ ತಾನು ಸಮನಾಗಿ ಉಸಿರಾಡುತ್ತಿತ್ತು. ಹಿಂದಿರುಗಿ ಬಂದು ಕುಳಿತು, "ಹೂಂ, ನಡಿ" ಎಂದರು.

ಆ ಲಾರಿಯ ನಟ್ಟು ಈಗ ನನ್ನ ಮೇಜಿನ ಮೇಲಿದೆ. ಉತ್ತರಪತ್ರಿಕೆಗಳು ಗಾಳಿಗೆ ಹಾರದಂತೆ ಅವುಗಳ ಮೇಲೆ ಇಡುತ್ತೇನೆ. ಆ ಕೆಲಸಕ್ಕೆ ಅದು ಸರಿಯಾಗಿ ಹೊಂದುತ್ತದೆ.